ಚಳಿಗಾಲದ ವ್ಯಾನ್ ಪ್ರವಾಸ: ಕಿಟಕಿ ಎರಡು ಬೆರಳು ತೆರೆದಿರಲಿ



ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: "ಈ ಸಲ ಹಿಮ ನೋಡೋಣ." ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಇರುವವರಿಗೆ ಉತ್ತರಾಖಂಡದ ಕುಮಾವೂಂ ಬೆಟ್ಟಗಳು ಒಂದು ಹಗಲಿನ ದಾರಿ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನವರು ದೆಹಲಿಯವರೆಗೆ ಬಂದು ಅಲ್ಲಿಂದ ಹೊರಡುತ್ತಾರೆ. ಭೀಮ್‌ತಾಲ್, ನೌಕುಚಿಯಾತಾಲ್, ಸಾತ್‌ತಾಲ್, ನೈನಿತಾಲ್ ಹೀಗೆ ಸಾಲು ಸಾಲು ಸರೋವರಗಳು. ಅಲ್ಲಿಂದ ಇನ್ನೂ ಮೇಲೆ ಹೋದರೆ ಮುಕ್ತೇಶ್ವರ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ನಂದಾದೇವಿ, ತ್ರಿಶೂಲ್ ಶಿಖರಗಳು ಕಾಣುತ್ತವೆ.

ಊರಿನಿಂದ ಅಮ್ಮನೂ ಬಂದಿರುತ್ತಾರೆ. ಮಕ್ಕಳಿಗೆ ರಜೆ. ಎಲ್ಲರಿಗೂ ಸೇರಿ ಐದು ರಾತ್ರಿ ಹೋಟೆಲ್ ಎಂದರೆ ಬಜೆಟ್ ಮೀರುತ್ತದೆ. ಆದ್ದರಿಂದ ಒಳಗೆ ಹಾಸಿಗೆ, ಒಂದು ಗ್ಯಾಸ್ ಒಲೆ, ನೀರಿನ ಕ್ಯಾನ್ ಇರುವ ವ್ಯಾನನ್ನು ಬಾಡಿಗೆಗೆ ಹಿಡಿಯುತ್ತೀರಿ. ಯೋಚನೆ ಒಳ್ಳೆಯದೇ. ಮನೆ ಅಡುಗೆ, ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯ, ಎಲ್ಲರೂ ಒಂದೇ ಕಡೆ ಮಲಗುವ ಸಂತೋಷ.

ಇಂದಿನ ಲೇಖನ ಆ ವ್ಯಾನಿನೊಳಗಿನ ರಾತ್ರಿಯ ಬಗ್ಗೆ. ಬೇರೆಲ್ಲ ಮರೆತರೂ ಒಂದು ಮಾತು ನೆನಪಿರಲಿ: *ಚಳಿಯನ್ನು ಬಟ್ಟೆಯಿಂದ ತಡೆಯಿರಿ, ಬೆಂಕಿಯಿಂದ ಬೇಡ.*

*1. ಒಂದು ರಾತ್ರಿ ಹೀಗಾಗಬಹುದು*

ನೌಕುಚಿಯಾತಾಲ್ ದಂಡೆಯಲ್ಲಿ ವ್ಯಾನ್ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಐದೂವರೆ ಹೊತ್ತಿಗೆ ಬಿಸಿಲು ಬೆಟ್ಟದ ಹಿಂದೆ ಹೋಯಿತು. ಏಳು ಗಂಟೆಗೆ ಬೆರಳು ಮರಗಟ್ಟುವಷ್ಟು ಚಳಿ. ಹೊರಗೆ ನಿಲ್ಲಲು ಆಗದೆ ಒಳಗೇ ಒಲೆ ಹಚ್ಚಿ ಅನ್ನ, ಸಾರು ಮಾಡಿದಿರಿ. ವ್ಯಾನ್ ಬೆಚ್ಚಗಾಯಿತು. "ಇನ್ನೂ ಸ್ವಲ್ಪ ಹೊತ್ತು ಉರಿಯಲಿ ಬಿಡು" ಅಂದರು ಎಲ್ಲರೂ. ಪಕ್ಕದ ಚಹಾ ಅಂಗಡಿಯವರು ಪ್ರೀತಿಯಿಂದ ಒಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿಕೊಟ್ಟರು. ಆ ಕಡೆ ಅದನ್ನು ಅಂಗೀಠಿ ಅನ್ನುತ್ತಾರೆ. ಕೆಂಡದಲ್ಲಿ ಹೊಗೆ ಇಲ್ಲವಲ್ಲ, ಒಳಗಿಟ್ಟರೆ ಏನಾದೀತು ಎಂದು ಕಾಲ ಹತ್ತಿರ ಇಟ್ಟುಕೊಂಡಿರಿ. ಅಮ್ಮ ಕಿಟಕಿಯ ಸಂದಿಗೆ ಟವೆಲ್ ತುರುಕಿದರು: "ಮಕ್ಕಳಿಗೆ ಗಾಳಿ ತಾಕುತ್ತೆ ಕಣೋ."

ಹನ್ನೊಂದು ಗಂಟೆಗೆ ಅಮ್ಮನಿಗೆ ತಲೆನೋವು. ಚಿಕ್ಕವಳಿಗೆ ವಾಕರಿಕೆ. ನಿಮಗೂ ತಲೆ ಭಾರ, ನಿದ್ದೆಯ ಮಂಪರು. "ಶೀತ ಆಗಿರಬೇಕು. ಘಾಟಿ ತಿರುವಿಗೆ ಹೊಟ್ಟೆ ತೊಳಸಿರಬೇಕು" ಎಂದು ಇನ್ನೊಂದು ಕಂಬಳಿ ಹೊದಿಸಿ, ಟವೆಲನ್ನು ಇನ್ನಷ್ಟು ಬಿಗಿಯಾಗಿ ತುರುಕಿ ಮಲಗುತ್ತೀರಿ.

ಇಲ್ಲಿ ಯಾರೂ ಬೇಜವಾಬ್ದಾರಿಯಿಂದ ನಡೆದುಕೊಂಡಿಲ್ಲ. ಪ್ರತಿಯೊಬ್ಬರೂ ಅಕ್ಕರೆಯಿಂದಲೇ ಮಾಡಿದರು. ಆದರೂ ಬೆಳಗ್ಗೆ ಯಾರೂ ಏಳದೆ ಹೋಗುವ ಅಪಾಯ ಇರುವುದು ಇಂಥ ರಾತ್ರಿಯಲ್ಲೇ. ಕಾರಣ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ.

*2. ಕಾರ್ಬನ್ ಮಾನಾಕ್ಸೈಡ್ ಅಂದರೇನು?*

ಇದ್ದಿಲು, ಕಟ್ಟಿಗೆ, ಗ್ಯಾಸ್, ಡೀಸೆಲ್, ಪೆಟ್ರೋಲ್ ಯಾವುದೇ ಆಗಲಿ, ಉರಿಯುವಾಗ ಸಾಕಷ್ಟು ಆಮ್ಲಜನಕ ಸಿಗದಿದ್ದರೆ ಈ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆಯಿಲ್ಲದ ಕೆಂಡವೇ ಇದನ್ನು ಧಾರಾಳವಾಗಿ ಹೊರಬಿಡುತ್ತದೆ. "ಹೊಗೆ ಇಲ್ಲ, ಹಾಗಾಗಿ ತೊಂದರೆ ಇಲ್ಲ" ಎಂಬ ನಮ್ಮ ಲೆಕ್ಕ ತಪ್ಪುವುದು ಇಲ್ಲೇ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಬೇರೆಯವರು ಕುಳಿತುಬಿಟ್ಟ ಹಾಗೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಆಮ್ಲಜನಕಕ್ಕೆ ಜಾಗವಿಲ್ಲ. ಮೊದಲು ತೊಂದರೆಯಾಗುವುದು ಮಿದುಳಿಗೆ ಮತ್ತು ಹೃದಯಕ್ಕೆ.

ಮಿದುಳು ಮಂಕಾದ ಮೇಲೆ "ಏನೋ ಸರಿಯಿಲ್ಲ, ಹೊರಗೆ ಹೋಗಬೇಕು" ಎಂದು ತೋಚುವುದೇ ಇಲ್ಲ. ತೋಚಿದರೂ ಕೈಕಾಲು ಮಾತು ಕೇಳುವುದಿಲ್ಲ. ಮಲಗಿದವರಿಗಂತೂ ಗೊತ್ತೇ ಆಗುವುದಿಲ್ಲ. ಹಾಗಾಗಿ "ಏನಾದರೂ ಆದರೆ ಆಗ ಕಿಟಕಿ ತೆಗೆದರಾಯಿತು" ಎಂಬ ಧೈರ್ಯ ಬೇಡ. ತೆಗೆಯುವ ಕೆಲಸ ಮಲಗುವ ಮೊದಲೇ ಆಗಬೇಕು.

*3. ವ್ಯಾನಿನೊಳಗೆ ಇದು ಬರುವ ನಾಲ್ಕು ದಾರಿ*

ಒಂದು, *ಅಗ್ಗಿಷ್ಟಿಕೆ.* ಇದ್ದಿಲಾಗಲಿ ಕಟ್ಟಿಗೆಯ ಕೆಂಡವಾಗಲಿ, ವ್ಯಾನಿನೊಳಗೆ ಯಾವ ಕಾರಣಕ್ಕೂ ಬೇಡ. "ಮಲಗುವ ಮುಂಚೆ ಹೊರಗಿಡುತ್ತೇವೆ" ಎನ್ನುವುದೂ ಬೇಡ. ಬೆಚ್ಚಗಾದ ಮೇಲೆ ನಿದ್ದೆ ಬರುವುದು ಯಾರಿಗೂ ಹೇಳಿ ಬರುವುದಿಲ್ಲ. ಬೂದಿ ಮುಚ್ಚಿದ, ಆರಿದ ಹಾಗೆ ಕಾಣುವ ಕೆಂಡವೂ ಅನಿಲ ಬಿಡುತ್ತಲೇ ಇರುತ್ತದೆ. ಇದೇ ನಿಯಮ ಗೆಸ್ಟ್ ಹೌಸ್ ರೂಮಿಗೂ ಅನ್ವಯ. ದೆಹಲಿಯ ನಿಮ್ಮ ಮನೆಯ ವಾಚ್‌ಮನ್ ಚಳಿಗಾಲದಲ್ಲಿ ಪುಟ್ಟ ಕೋಣೆಯೊಳಗೆ ಅಂಗೀಠಿ ಇಟ್ಟು ಮಲಗುತ್ತಾರೋ ಒಮ್ಮೆ ನೋಡಿ. ಮಲಗುತ್ತಿದ್ದರೆ ಅವರಿಗೂ ಈ ಮಾತು ಹೇಳಿ, ಒಂದು ಕಂಬಳಿ ಕೊಡಿ.

ಎರಡು, *ಗ್ಯಾಸ್ ಒಲೆ.* ಅಡುಗೆಗೆ ಸರಿ, ಬೆಚ್ಚಗಾಗುವುದಕ್ಕೆ ಅಲ್ಲ. ಬಾಗಿಲು ತೆರೆದಿಟ್ಟು ಅಥವಾ ಹೊರಗೆ ಅಡುಗೆ ಮಾಡಿ. ಸರಿಯಾಗಿ ಉರಿಯುವ ಒಲೆಯ ಜ್ವಾಲೆ ನೀಲಿ. ಹಳದಿ ಜ್ವಾಲೆ, ಪಾತ್ರೆಯ ತಳಕ್ಕೆ ಮಸಿ ಕಂಡರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಅಡುಗೆ ಮುಗಿದ ಕೂಡಲೇ ಒಲೆಯ ಗುಂಡಿ ಮಾತ್ರವಲ್ಲ, ಸಿಲಿಂಡರಿನ ರೆಗ್ಯುಲೇಟರನ್ನೂ ಮುಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ವ್ಯಾನಿನ ನೆಲದಲ್ಲಿ ಶೇಖರವಾಗುತ್ತದೆ. ಅದಕ್ಕೆ ವಾಸನೆ ಬೆರೆಸಿರುವುದರಿಂದ ಮೂಗಿಗೆ ಗೊತ್ತಾಗುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಆ ಸೌಲಭ್ಯವೂ ಇಲ್ಲ.

ಮೂರು, *ಎಂಜಿನ್.* ಹೀಟರ್‌ಗಾಗಿ ಎಂಜಿನ್ ಚಾಲೂ ಇಟ್ಟು ಮಲಗುವುದು ಬಹಳ ಅಪಾಯ. ಹಳೆಯ ಸೈಲೆನ್ಸರಿನಲ್ಲಿ ತೂತಿದ್ದರೆ ಹೊಗೆ ನೆಲದ ಸಂದಿಯಿಂದ ಒಳಗೆ ಬರುತ್ತದೆ. ಹಿಮ ಬಿದ್ದು ಸೈಲೆನ್ಸರಿನ ಬಾಯಿ ಮುಚ್ಚಿಕೊಂಡರೆ ಇನ್ನೂ ಬೇಗ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ದಾರಿಯಲ್ಲಿ ಭಾರೀ ಹಿಮ ಬಿದ್ದು ಸಾವಿರಾರು ವಾಹನಗಳು ಸಿಕ್ಕಿಕೊಂಡವು. ಒಂದೇ ರಾತ್ರಿ ಕಾರುಗಳೊಳಗೆ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಚಳಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಕಾರಣವೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ರಜೆಗೆ ಹಿಮ ನೋಡಲು ಹೋದ, ನಮ್ಮಂಥದ್ದೇ ಕುಟುಂಬಗಳು.

ಹಿಮದಲ್ಲಿ ಸಿಕ್ಕಿಕೊಂಡರೆ ಹೀಗೆ ಮಾಡಿ: ಮೊದಲು ಇಳಿದು ಸೈಲೆನ್ಸರಿನ ಸುತ್ತಲ ಹಿಮ ತೆಗೆಯಿರಿ. ಗಾಳಿ ಬೀಸದ ಕಡೆಯ ಕಿಟಕಿಯನ್ನು ಸ್ವಲ್ಪ ಇಳಿಸಿ. ಗಂಟೆಗೆ ಸುಮಾರು ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಆರಿಸಿ. ಪ್ರತಿ ಸಲ ಓಡಿಸುವ ಮುಂಚೆ ಸೈಲೆನ್ಸರನ್ನು ಮತ್ತೆ ನೋಡಿ. ದೊಡ್ಡವರಲ್ಲಿ ಒಬ್ಬರು ಸದಾ ಎಚ್ಚರವಿರಬೇಕು.

ನಾಲ್ಕು, *ಡೀಸೆಲ್ ಹೀಟರ್.* ಕೆಲವು ಕ್ಯಾಂಪರ್ ವ್ಯಾನುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಓಡುವ ಹೀಟರ್ ಇರುತ್ತದೆ. ಅದರ ಹೊಗೆ ಕೊಳವೆ ವ್ಯಾನಿನ ಹೊರಗೆ, ಕಿಟಕಿಯಿಂದ ದೂರಕ್ಕೆ ಹೋಗುವಂತೆ ಜೋಡಿಸಿದ್ದರೆ ಬಳಸಬಹುದು. ವ್ಯಾನ್ ತೆಗೆದುಕೊಳ್ಳುವಾಗ ಆ ಕೊಳವೆಯನ್ನು ಬಗ್ಗಿ ಕಣ್ಣಾರೆ ನೋಡಿ. ಬಿರುಕು, ಸಡಿಲ, ಮಸಿ ಕಂಡರೆ ಆ ಹೀಟರ್ ಇಲ್ಲವೆಂದೇ ತಿಳಿಯಿರಿ.

*4. ಇದು ಶೀತದ ತಲೆನೋವೋ, ಅನಿಲದ ತಲೆನೋವೋ?*

ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು, ಮಂಪರು, ಗೊಂದಲ. ಇವು ಕಾರ್ಬನ್ ಮಾನಾಕ್ಸೈಡಿನ ಮೊದಲ ಲಕ್ಷಣಗಳು. ನೆಗಡಿ ಜ್ವರದಲ್ಲೂ, ಘಾಟಿ ರಸ್ತೆಯ ವಾಂತಿಯಲ್ಲೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ವ್ಯತ್ಯಾಸ ತಿಳಿಯಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

- ಒಂದೇ ಹೊತ್ತಿಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ಹೀಗಾಗಿದೆಯೇ?
- ವ್ಯಾನಿನೊಳಗೆ ಇದ್ದಷ್ಟೂ ಜಾಸ್ತಿಯಾಗಿ, ಹೊರಗಿನ ಗಾಳಿಗೆ ಬಂದರೆ ಕಡಿಮೆಯಾಗುತ್ತದೆಯೇ?
- ಜ್ವರ, ಗಂಟಲು ನೋವು, ಮೂಗು ಸೋರುವುದು ಏನೂ ಇಲ್ಲವೇ?
- ಒಳಗೆ ಏನಾದರೂ ಉರಿಯುತ್ತಿದೆಯೇ, ಅಥವಾ ಎಂಜಿನ್ ಓಡುತ್ತಿದೆಯೇ?

ಒಂದಕ್ಕೆ "ಹೌದು" ಅನ್ನಿಸಿದರೂ ಸಾಕು, ಮೊದಲು ಹೊರಗೆ ಬನ್ನಿ. ಯೋಚನೆ ಆಮೇಲೆ.

ಎತ್ತರದ ಬಗ್ಗೆಯೂ ಒಂದು ಮಾತು. ಭೀಮ್‌ತಾಲ್ ಇರುವುದು ಸುಮಾರು 1,370 ಮೀಟರ್ ಎತ್ತರದಲ್ಲಿ. ನೈನಿತಾಲ್ ಸರೋವರದ ನೀರಿನ ಮಟ್ಟ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು, ಅಂದರೆ ಸುಮಾರು 1,930 ಮೀಟರ್. ಮುಕ್ತೇಶ್ವರ ಸುಮಾರು 2,300 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ಆದ್ದರಿಂದ ಈ ಸರೋವರಗಳ ನಾಡಿನಲ್ಲಿ ರಾತ್ರಿ ತಲೆನೋವು ಬಂದರೆ "ಎತ್ತರಕ್ಕೆ ಹಾಗಾಗುತ್ತೆ" ಎಂದು ಸುಮ್ಮನಾಗಬೇಡಿ. ಲಡಾಖಿನ ಪಾಂಗೊಂಗ್ ಸರೋವರದ ದಂಡೆ 4,200 ಮೀಟರಿಗೂ ಎತ್ತರ. ಅಲ್ಲಿ ಎರಡೂ ಕಾರಣ ಇರಬಹುದು. ಅಲ್ಲಿಗೆ ಚಳಿಗಾಲದಲ್ಲಿ ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ವ್ಯಾನಿನಲ್ಲಿ ಮಲಗುವ ಯೋಚನೆಯೇ ಬೇಡ.

*5. ಅನುಮಾನ ಬಂದ ಕೂಡಲೇ ಏನು ಮಾಡಬೇಕು?*

1. ಬಾಗಿಲುಗಳನ್ನೆಲ್ಲ ತೆರೆದು ಎಲ್ಲರನ್ನೂ ಹೊರಗೆ ಕರೆತನ್ನಿ. ಚಳಿ ಇದ್ದರೂ ಸರಿ, ಕಂಬಳಿ ಸಮೇತ ಹೊರಗೆ. ಮಲಗಿದ ಮಕ್ಕಳನ್ನು ಎತ್ತಿಕೊಂಡು ಬನ್ನಿ.
2. ಒಲೆ, ಎಂಜಿನ್, ಹೀಟರ್ ಆರಿಸಿ.
3. 112ಕ್ಕೆ ಅಥವಾ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ. ನಿಮಗೇ ತಲೆ ಸುತ್ತುತ್ತಿದ್ದರೆ ಘಾಟಿಯಲ್ಲಿ ನೀವು ಗಾಡಿ ಓಡಿಸಬೇಡಿ.
4. ಪ್ರಜ್ಞೆ ತಪ್ಪಿದವರು ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಕಾಫಿ ಹಾಕಬೇಡಿ. ಉಸಿರಾಟ ನಿಂತಿದ್ದರೆ ಎದೆಯ ಮಧ್ಯಭಾಗವನ್ನು ಜೋರಾಗಿ, ವೇಗವಾಗಿ ಒತ್ತುತ್ತಾ ಇರಿ.
5. ಆಸ್ಪತ್ರೆಯಲ್ಲಿ ಮೊದಲ ವಾಕ್ಯವೇ ಇದಾಗಿರಲಿ: "ಮುಚ್ಚಿದ ಗಾಡಿಯಲ್ಲಿ ಮಲಗಿದ್ದೆವು, ಒಳಗೆ ಬೆಂಕಿ ಇತ್ತು." ಇದನ್ನು ಹೇಳದಿದ್ದರೆ ವೈದ್ಯರಿಗೂ ಇದು ಮಾಮೂಲಿ ವಾಂತಿ ಅನ್ನಿಸಬಹುದು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ನಿಮ್ಮ ಬ್ಯಾಗಿನಲ್ಲಿ ಇರಬಹುದು. ಅದನ್ನು ಬೆರಳಿಗೆ ಹಾಕಿ 98 ತೋರಿಸಿತೆಂದು ನೆಮ್ಮದಿಪಡಬೇಡಿ. ಆಮ್ಲಜನಕ ಅಂಟಿದ ಹಿಮೋಗ್ಲೋಬಿನ್ ಯಾವುದು, ಕಾರ್ಬನ್ ಮಾನಾಕ್ಸೈಡ್ ಅಂಟಿದ್ದು ಯಾವುದು ಎಂದು ಆ ಸಾಧನಕ್ಕೆ ಗೊತ್ತಾಗುವುದಿಲ್ಲ. ಸಾಯುವ ಸ್ಥಿತಿಯಲ್ಲೂ ಅದು ಒಳ್ಳೆಯ ಅಂಕಿ ತೋರಿಸಬಹುದು. ಇದನ್ನು ರಕ್ತ ಪರೀಕ್ಷೆಯಿಂದ ಕಂಡುಹಿಡಿಯುತ್ತಾರೆ.

ಚಿಕಿತ್ಸೆ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ಈ ಅನಿಲ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕರಿಂದ ಐದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೇ ಅಷ್ಟಾಗುತ್ತದೆ. ಹೊರಗೆ ಬಂದ ಮೇಲೆ ತಲೆನೋವು ಹೋಯಿತೆಂದು ಆಸ್ಪತ್ರೆ ತಪ್ಪಿಸಬೇಡಿ. ಮರೆವು, ಸಿಟ್ಟು, ನಡಿಗೆಯಲ್ಲಿ ತಡವರಿಕೆ ಕೆಲವರಲ್ಲಿ ದಿನಗಳು, ವಾರಗಳ ನಂತರ ಕಾಣಿಸಿಕೊಳ್ಳುತ್ತವೆ. ಗರ್ಭಿಣಿಯರು ಲಕ್ಷಣ ಕಡಿಮೆ ಇದ್ದರೂ ಹೋಗಲೇಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತಾಯಿಗಿಂತ ಹೆಚ್ಚು.

*6. ಬೆಂಕಿ ಇಲ್ಲದೆ ಬೆಚ್ಚಗಿರುವುದು ಹೇಗೆ?*

"ಬೆಂಕಿಯೂ ಬೇಡ, ಕಿಟಕಿಯೂ ತೆರೆದಿರಬೇಕು ಅಂದರೆ ಚಳಿಯಲ್ಲಿ ಸಾಯಬೇಕಾ?" ಎಂದು ಕೇಳುತ್ತೀರಿ. ಬೇಡ. ನಮ್ಮ ಮೈಯೇ ಒಂದು ಒಲೆ. ಅದರ ಶಾಖ ಹೊರಗೆ ಹೋಗದಂತೆ ನೋಡಿಕೊಂಡರೆ ಸಾಕು.

*ನಿಲ್ಲಿಸುವ ಜಾಗ:* ರಾತ್ರಿ ತಣ್ಣನೆಯ ಗಾಳಿ ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಸರೋವರದ ದಂಡೆ ನೋಡಲು ಚೆಂದ, ಆದರೆ ಮಲಗಲು ಥಂಡಿ ಮತ್ತು ತೇವ. ಸ್ವಲ್ಪ ಎತ್ತರದ, ಬೆಳಗ್ಗೆ ಬೇಗ ಬಿಸಿಲು ಬೀಳುವ, ಜನವಸತಿ ಹತ್ತಿರವಿರುವ ಜಾಗ ಒಳ್ಳೆಯದು. ಪ್ರತಿ 1,000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಚಳಿ ಹೆಚ್ಚುತ್ತದೆ. ಹಗಲು ಮುಕ್ತೇಶ್ವರಕ್ಕೆ ಹೋಗಿ ಶಿಖರ ನೋಡಿ, ರಾತ್ರಿ ಮಲಗಲು ಭೀಮ್‌ತಾಲ್ ಕಡೆಗೆ ಇಳಿದು ಬನ್ನಿ. ಇದಕ್ಕೆ ಪೈಸೆ ಖರ್ಚಿಲ್ಲ. ಇದು ಚಿರತೆಗಳ ನಾಡು, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ.

*ಹಾಸಿಗೆ:* ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಶಾಖ ಹೋಗುತ್ತಿರುತ್ತದೆ. ಮೊದಲು ಫೋಮ್ ಶೀಟ್, ಅದರ ಮೇಲೆ ಒಂದು ಕಂಬಳಿ, ಆಮೇಲೆ ಹಾಸಿಗೆ. ಊರಿನಿಂದ ಬರುವವರಿಗೆ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ತರಲು ಹೇಳಿ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿಡುತ್ತದೆ. ಹತ್ತಿ ಒದ್ದೆಯಾದರೆ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ.

*ಬಟ್ಟೆ:* ಒಂದು ದಪ್ಪ ಜಾಕೆಟ್ಟಿಗಿಂತ ಮೂರು ಪದರ ಮೇಲು. ಒಳಗೆ ಥರ್ಮಲ್, ನಡುವೆ ಉಣ್ಣೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಹಗಲಲ್ಲಿ ಬೆವರಿದ ಬನಿಯನ್, ಕಾಲುಚೀಲ ಬದಲಿಸದೆ ಮಲಗಬೇಡಿ. ತಲೆಗೆ ಮಂಕಿ ಕ್ಯಾಪ್ ಇರಲಿ, ಯಾರು ನಕ್ಕರೂ ಪರವಾಗಿಲ್ಲ.

*ಬಿಸಿನೀರಿನ ಚೀಲ:* ಕುದಿಯುವ ನೀರು ತುಂಬಬೇಡಿ. ಟವೆಲಿನಲ್ಲಿ ಸುತ್ತಿ ಹೊದಿಕೆಯೊಳಗೆ ಇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು, ಸುಟ್ಟರೂ ತಿಳಿಯುವುದಿಲ್ಲ. ಅವರ ಕಾಲಿನ ಹತ್ತಿರ ಇಡಬೇಡಿ.

*ಊಟ:* ಮಲಗುವ ಮುನ್ನ ಬಿಸಿ ಬಿಸಿ ಊಟ ಮಾಡಿದರೆ ಮೈ ರಾತ್ರಿಯಿಡೀ ಶಾಖ ಹುಟ್ಟಿಸುತ್ತದೆ. ಹುರಿಹಿಟ್ಟು, ರಾಗಿ ಗಂಜಿ, ಹುರಿದಿಟ್ಟ ರವೆ, ಗೊಜ್ಜವಲಕ್ಕಿ, ಶೇಂಗಾ ಚಟ್ನಿಪುಡಿ, ತುಪ್ಪ, ಬೆಲ್ಲ ಮನೆಯಿಂದಲೇ ಒಯ್ಯಿರಿ. ಗ್ಯಾಸೂ ಉಳಿಯುತ್ತದೆ. 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ಬೇಳೆ, ಅಕ್ಕಿಗೆ ಚಿಕ್ಕ ಕುಕ್ಕರ್ ಬೇಕು. "ಬೆಚ್ಚಗಾಗಲು ಒಂದು ಪೆಗ್" ಎನ್ನುವುದು ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ.

*ಕಿಟಕಿ:* ಎದುರುಬದುರಾಗಿ ಎರಡು ಕಿಟಕಿಗಳನ್ನು ಎರಡೆರಡು ಬೆರಳಿನಷ್ಟು ತೆರೆದಿಡಿ. ನಮ್ಮ ಉಸಿರಿನ ತೇವ ಹೊರಗೆ ಹೋಗದಿದ್ದರೆ ಅದು ಗಾಜಿನ ಮೇಲೆ ನೀರಾಗಿ ಇಳಿದು ಹಾಸಿಗೆಯನ್ನು ನೆನೆಸುತ್ತದೆ. ತೇವದ ಹಾಸಿಗೆ ಇನ್ನೂ ಹೆಚ್ಚು ಚಳಿ. ಹಾಗಾಗಿ ಸ್ವಲ್ಪ ಗಾಳಿ ಆಡಿದರೆ ಒಣಗಿದ ಹಾಸಿಗೆ, ಒಳ್ಳೆಯ ನಿದ್ದೆ. ಆದರೆ ತೆರೆದ ಕಿಟಕಿ ಇದೆಯೆಂದು ಒಳಗೆ ಕೆಂಡ ಇಡಬಹುದು ಅಂತಲ್ಲ. ಅದಕ್ಕೆ ಎರಡು ಬೆರಳಿನ ಸಂದಿ ಸಾಲದು.

ಭೀಮ್‌ತಾಲಿನಿಂದ ನೈನಿತಾಲಿಗೆ ಹೋಗುವಾಗ ಭವಾಲಿ ಎಂಬ ಊರು ಸಿಗುತ್ತದೆ. ಅಲ್ಲಿ 1912ರಲ್ಲಿ ಕ್ಷಯರೋಗಿಗಳಿಗಾಗಿ ಸ್ಯಾನಟೋರಿಯಂ ಶುರುವಾಯಿತು. ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ನೆಹರೂ ಅವರೂ ಯುರೋಪಿಗೆ ಹೋಗುವ ಮೊದಲು ಅಲ್ಲಿ ಚಿಕಿತ್ಸೆಗೆ ಇದ್ದರು. ಕ್ಷಯಕ್ಕೆ ಮಾತ್ರೆ ಇಲ್ಲದ ಆ ಕಾಲದಲ್ಲಿ ಇಂಥ ಆಸ್ಪತ್ರೆಗಳು ಮುಖ್ಯವಾಗಿ ಕೊಡುತ್ತಿದ್ದದ್ದು ವಿಶ್ರಾಂತಿ, ಒಳ್ಳೆಯ ಊಟ ಮತ್ತು ಶುದ್ಧ ಗಾಳಿ. ರೋಗಿಗಳು ಮೈತುಂಬ ಹೊದ್ದು, ಗಾಳಿಯಾಡುವ ಜಾಗದಲ್ಲೇ ಮಲಗುತ್ತಿದ್ದರು. "ಗಾಳಿ ತಾಕುತ್ತೆ" ಎಂದು ಹೆದರುವ ಅಮ್ಮನಿಗೆ ದಾರಿಯಲ್ಲಿ ಈ ಕತೆ ಹೇಳಿ.

*7. ವಯಸ್ಸಾದವರು, ಕಾಯಿಲೆ ಇರುವವರು, ಮಕ್ಕಳು*

*ಬಿಪಿ, ಹೃದಯ:* ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅಪ್ಪ ಅಮ್ಮನನ್ನು ದೇವಸ್ಥಾನದ ಮೆಟ್ಟಿಲು ಹತ್ತಿಸಬೇಡಿ. ಬಿಸಿಲು ಬಂದು, ತಿಂಡಿ ಆಗಿ, ಮಾತ್ರೆ ತಗೊಂಡ ಮೇಲೆ ಹೊರಡಿ. ಆ ಹೊತ್ತಿಗೆ ರಸ್ತೆಯ ಮೇಲಿನ ಮಂಜುಗಡ್ಡೆಯೂ ಕರಗಿರುತ್ತದೆ. ಎದೆನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ "ಗ್ಯಾಸ್ ಇರಬೇಕು" ಎಂದು ಕಾಯಬೇಡಿ. ಹಿಮದಿಂದ ರಸ್ತೆ ಮುಚ್ಚಬಹುದು, ಆದ್ದರಿಂದ ಮೂರು ನಾಲ್ಕು ದಿನದ ಮಾತ್ರೆ ಹೆಚ್ಚಿಗೆ ಇರಲಿ.

*ಸಕ್ಕರೆ ಕಾಯಿಲೆ:* ಇನ್ಸುಲಿನ್ ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು, ಎಸೆಯಬೇಕು. ರಾತ್ರಿ ಡ್ಯಾಶ್‌ಬೋರ್ಡಿನಲ್ಲಿ ಬಿಡದೆ ಹೊದಿಕೆಯೊಳಗೆ ಇಟ್ಟುಕೊಳ್ಳಿ, ಬಿಸಿನೀರಿನ ಚೀಲಕ್ಕೆ ಮಾತ್ರ ತಾಗದಿರಲಿ. ಸಕ್ಕರೆ ನೋಡುವ ಮೀಟರ್ ತೀರಾ ತಣ್ಣಗಿದ್ದರೆ ತಪ್ಪು ತೋರಿಸಬಹುದು. ಅದನ್ನೂ ಬೆಚ್ಚಗಿಡಿ.

*ನೀರು ಮತ್ತು ಶೌಚ:* ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಹೊರಗೆ ಹೋಗಬೇಕಾಗುತ್ತದೆ ಎಂದು ಅಮ್ಮಂದಿರು, ಹೆಣ್ಣುಮಕ್ಕಳು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಒಣಗಾಳಿಗೆ ಮೈಯ ನೀರು ಹೋಗುತ್ತಲೇ ಇರುತ್ತದೆ. ಫಲ ತಲೆನೋವು, ಮಲಬದ್ಧತೆ, ಉರಿಮೂತ್ರ. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ ಎಂದರ್ಥ. ಶೌಚಾಲಯ ಹತ್ತಿರವಿರುವ ಜಾಗದಲ್ಲೇ ರಾತ್ರಿ ನಿಲ್ಲಿಸಿ. ವ್ಯಾನಿನಲ್ಲಿ ಪರದೆ ಕಟ್ಟಿ, ಮುಚ್ಚಳವಿರುವ ಬಕೆಟ್ ಇಡಿ. "ಅಮ್ಮ, ನೀರು ಕುಡಿ, ವ್ಯವಸ್ಥೆ ಇದೆ" ಎಂದು ನೀವೇ ಮೊದಲು ಹೇಳಿ.

*ಮೈ ತಣ್ಣಗಾಗುವುದು:* ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ನಡಿಗೆ ತಪ್ಪುವುದು, ಮಂಕು. ಗಡಗಡ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ಇನ್ನೂ ಕೆಟ್ಟದ್ದು. ವಯಸ್ಸಾದವರಲ್ಲಿ ನಡುಕವೇ ಕಡಿಮೆ ಇರುತ್ತದೆ, ಮಕ್ಕಳು ಬೇಗ ತಣ್ಣಗಾಗುತ್ತಾರೆ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಕಂಬಳಿ ಸುತ್ತಿ, ಎದೆ ಮತ್ತು ಕಂಕುಳ ಭಾಗವನ್ನು ಮೊದಲು ಬೆಚ್ಚಗೆ ಮಾಡಿ. ಪೂರ್ತಿ ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ.

*ಭಾಷೆ:* ಊರಿನಿಂದ ಬಂದ ಹಿರಿಯರಿಗೆ ಹಿಂದಿ ಬಾರದೇ ಇರಬಹುದು. ನೀವೇ ಪ್ರಜ್ಞೆ ತಪ್ಪಿದರೆ ಅವರು ಯಾರಿಗೆ ಏನು ಹೇಳಬೇಕು? ಒಂದು ಕಾರ್ಡಿನಲ್ಲಿ ಹಿಂದಿಯಲ್ಲಿ ಹೆಸರು, ಕಾಯಿಲೆ, ಮಾತ್ರೆಗಳು, ಮನೆಯವರ ಫೋನ್ ನಂಬರ್ ಬರೆದು ಅವರ ಪರ್ಸಿನಲ್ಲಿಡಿ. 112 ಒತ್ತುವುದನ್ನು ಅಜ್ಜಿಗೂ ಮೊಮ್ಮಕ್ಕಳಿಗೂ ಹೊರಡುವ ಮುಂಚೆ ಕಲಿಸಿ.

*8. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?*

ಊಟದಲ್ಲಿ ಉಳಿಸಿ. ಹೊಸ ಜಾಕೆಟ್ ಕೊಳ್ಳದೆ ಸ್ನೇಹಿತರಿಂದ ತಂದು ಉಳಿಸಿ. ಎರಡು ಕಡೆ ಮಾತ್ರ ಕೈ ಹಿಡಿಯಬೇಡಿ.

ಮೊದಲನೆಯದು, ಬ್ಯಾಟರಿಯಲ್ಲಿ ನಡೆಯುವ *ಕಾರ್ಬನ್ ಮಾನಾಕ್ಸೈಡ್ ಅಲಾರಂ.* ಇದರ ಬೆಲೆ ಹೆಚ್ಚುಕಡಿಮೆ ಒಂದು ಸಾಧಾರಣ ಹೋಟೆಲ್ ರೂಮಿನ ಒಂದು ರಾತ್ರಿಯ ಬಾಡಿಗೆ. ಹೊಗೆ ಪತ್ತೆ ಮಾಡುವ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಹೆಸರು ಸರಿಯಾಗಿ ಓದಿ. ವಾಹನಗಳಿಗೆ ಹೊಂದುವ ಇಎನ್ 50291-2 ಗುರುತು ಇದ್ದರೆ ಒಳ್ಳೆಯದು. ಹಿಂಬದಿಯಲ್ಲಿ ಬರೆದಿರುವ ಅವಧಿ ಮುಗಿದಿರಬಾರದು. ಮಲಗಿದಾಗ ತಲೆ ಇರುವ ಎತ್ತರದಲ್ಲಿ ಇಡಿ, ಬಟ್ಟೆಯ ಕೆಳಗೆ ಹುದುಗಿಸಬೇಡಿ. ಹೊರಡುವ ಮುನ್ನ ಟೆಸ್ಟ್ ಬಟನ್ ಒತ್ತಿ, ಆ ಸದ್ದನ್ನು ಮನೆಮಂದಿಗೆಲ್ಲ ಕೇಳಿಸಿ. ಅಲಾರಂ ಕೂಗಿದರೆ ಸುಳ್ಳೋ ನಿಜವೋ ಎಂದು ಚರ್ಚಿಸದೆ ಹೊರಗೆ ಬನ್ನಿ.

ಎರಡನೆಯದು, *ಒಂದು ರಾತ್ರಿಯ ರೂಮಿನ ಹಣ.* ಹಿಮ ಜೋರಾಗಿ ಬಿದ್ದರೆ, ಮಗುವಿಗೆ ಜ್ವರ ಬಂದರೆ, ಅಮ್ಮನಿಗೆ ಚಳಿ ತಡೆಯಲಾಗದಿದ್ದರೆ ಯೋಚಿಸದೆ ರೂಮ್ ಹಿಡಿಯಿರಿ. ಈ ಹಣ ಬೇರೆ ಕವರಿನಲ್ಲಿರಲಿ. ಖರ್ಚಾಗದೆ ಉಳಿದರೆ ಕಾಠಗೋದಾಮಿಗೆ ಇಳಿದ ಮೇಲೆ ಮಕ್ಕಳಿಗೆ ಜಿಲೇಬಿ ಕೊಡಿಸಿ.

*ಮಲಗುವ ಮುನ್ನ ಪ್ರತಿ ರಾತ್ರಿ ಐದು ನೋಟ:*

1. ಒಳಗೆ ಏನೂ ಉರಿಯುತ್ತಿಲ್ಲ, ಎಂಜಿನ್ ಆರಿದೆ.
2. ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿದೆ.
3. ಎರಡು ಕಡೆ ಕಿಟಕಿ ಎರಡು ಬೆರಳು ತೆರೆದಿದೆ.
4. ಅಲಾರಂನ ಹಸಿರು ದೀಪ ಮಿನುಗುತ್ತಿದೆ.
5. ಎಲ್ಲರೂ ಒಣ ಬಟ್ಟೆ ಹಾಕಿದ್ದಾರೆ, ಎಲ್ಲಿದ್ದೀರಿ ಎಂಬುದು ಮನೆಯ ಒಬ್ಬರಿಗೆ ಮೆಸೇಜ್ ಹೋಗಿದೆ.

ಈ ಕೆಲಸವನ್ನು ಮನೆಯ ದೊಡ್ಡ ಮಗುವಿಗೆ ವಹಿಸಿ. ಮಕ್ಕಳು ಇಂಥದ್ದನ್ನು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ರಾತ್ರಿ ಅಮ್ಮ ಮತ್ತೆ ಟವೆಲ್ ಹಿಡಿದು ಕಿಟಕಿಯ ಕಡೆ ಹೋದರೆ ಸಿಟ್ಟಾಗಬೇಡಿ. ಅವರ ಕಾಲಿಗೆ ಇನ್ನೊಂದು ಕಂಬಳಿ ಹೊದಿಸಿ, ಬಿಸಿ ರಾಗಿ ಗಂಜಿ ಕೈಗಿಟ್ಟು, "ಅಮ್ಮ, ಇವತ್ತು ಕಿಟಕಿ ಹೀಗೇ ಇರಲಿ" ಎನ್ನಿ. ಬೆಳಗ್ಗೆ ಎಲ್ಲರೂ ಎದ್ದು, ಮಂಜು ಸರಿದ ಸರೋವರವನ್ನು ಒಟ್ಟಿಗೆ ನೋಡಿ.

ಚಳಿಗಾಲದಲ್ಲಿ ಬೆಟ್ಟಕ್ಕೆ ಹೊರಟಿರುವ ಯಾರಾದರೂ ನಿಮಗೆ ಗೊತ್ತಿದ್ದರೆ ಇದನ್ನು ಅವರಿಗೆ ಕಳುಹಿಸಿ. ನಿಮ್ಮ ಮನೆಯವರ ಕಾಯಿಲೆ, ಮಾತ್ರೆಗಳ ಬಗ್ಗೆ ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ.

ಪ್ರಯಾಣ ಸುಖಕರವಾಗಿರಲಿ.